ಯಾರಿಗೂ ಹೇಳಬೇಡಿ, ಆಯ್ತಾ?

"ಅಮ್ಮನ ಆಪರೇಷನ್ ಗಾಯ ಪೂರ್ತಿ ಒಣಗಿತಾ?"

ಆದಿಉಡುಪಿಯ ನಮ್ಮ ಮನೆಯ ಗೇಟಿನ ಬಳಿ ಬುಟ್ಟಿ ಇಳಿಸುತ್ತಾ ಮೀನಿನವರು ಕೇಳಿದರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಮಲ್ಪೆಯ ಮೀನು ತರುವವರು ಅವರೇ. ಬಂಗುಡೆಯ ಕಿವಿರು ಎತ್ತಿ, ಕೆಂಪು ಉಂಟಾ ಅಂತ ನೋಡುತ್ತಿದ್ದವನು ಹಾಗೇ ಕೂತುಬಿಟ್ಟೆ. ಯಾವ ಆಪರೇಷನ್?

ಅದು 2015ರ ಡಿಸೆಂಬರ್. ನಾರ್ವೆಯ ಸ್ಟಾವಂಗರ್‌ನಿಂದ ರಜೆಗೆ ಬಂದು ಎರಡೇ ದಿನ ಆಗಿತ್ತು. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಇತ್ತಂತೆ, ಸೆಪ್ಟೆಂಬರಿನಲ್ಲೇ ತೆಗೆದಾಗಿತ್ತಂತೆ. ಪಕ್ಕದ ಮನೆಯವರಿಗೆ ಗೊತ್ತು, ಗೂಡಂಗಡಿಯವರಿಗೆ ಗೊತ್ತು, ಸಿಟಿ ಬಸ್ಸಿನ ಕಂಡಕ್ಟರಿಗೂ ಗೊತ್ತು. ಇಡೀ ಬೀದಿಗೆ ಗೊತ್ತಿಲ್ಲದವನು ನಾನೊಬ್ಬನೇ. "ಅಷ್ಟು ದೂರ ಇರ್ತಿ, ಸುಮ್ನೆ ಯಾಕೆ ಗಾಬರಿ ಮಾಡುದು ಅಂತ" ಅಂದರು ಅಮ್ಮ.

ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ನನಗೆ ಮುಖ ಇರಲಿಲ್ಲ. ತೈಲದ ಬೆಲೆ ಬಿದ್ದ ಮೇಲೆ, ಎಣ್ಣೆಯನ್ನೇ ನಂಬಿ ಬೆಳೆದ ಸ್ಟಾವಂಗರ್‌ನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಆಗಸ್ಟಿನಲ್ಲಿ ನನ್ನದೂ ಹೋಗಿತ್ತು. ಮನೆಗೆ ಹೇಳಿರಲಿಲ್ಲ. ಪ್ರತಿ ಭಾನುವಾರ ಫೋನು. "ಮತ್ತೆ ಎಂಥ ವಿಶೇಷ?" "ಎಂಥ ಇಲ್ಲ. ಅಲ್ಲಿ?" "ಇಲ್ಲಿಯೂ ಎಂಥ ಇಲ್ಲ." ಒಂದು ಕಡೆ ಹೊಲಿಗೆ ಹಾಕಿದ ಹೊಟ್ಟೆ, ಇನ್ನೊಂದು ಕಡೆ ಸಂಬಳ ಇಲ್ಲದ ಮಗ. ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದೆವು. ಎರಡೂ ಊರಿನಲ್ಲಿ ಮಳೆಗೆ ಕಡಿಮೆ ಇಲ್ಲ, ಅಷ್ಟು ಅನುಕೂಲ.

ನಾರ್ವೆಯಲ್ಲಿ ಗುಟ್ಟಿನ ಲೆಕ್ಕವೇ ಬೇರೆ. ಯಾರ ಆದಾಯ ಎಷ್ಟು, ಆಸ್ತಿ ಎಷ್ಟು, ತೆರಿಗೆ ಎಷ್ಟು ಅಂತ ಅಲ್ಲಿ ಯಾರು ಬೇಕಾದರೂ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಹುಡುಕಬಹುದು. ಪ್ರಧಾನಿಯದ್ದೂ ಸಿಗುತ್ತದೆ, ನನ್ನದೂ ಸಿಗುತ್ತದೆ. 2014ರಿಂದ ಒಂದು ಬದಲಾವಣೆ ಆಯಿತು. ನನ್ನ ಹೆಸರು ಹುಡುಕಿದವರು ಯಾರು ಅಂತ ನನಗೂ ಕಾಣುತ್ತದೆ. ಕದ್ದು ನೋಡುವ ಸುಖ ಅಲ್ಲಿಗೆ ಮುಗಿಯಿತು. ಹುಡುಕುವವರೂ ತುಂಬಾ ಕಡಿಮೆಯಾದರು. ನಮ್ಮ ಕಿಟಕಿ ಪರದೆಯ ಹಿಂದೆ ನಿಂತು ನೋಡುವವರಿಗೂ ಹೀಗೇ ಮಾಡಬೇಕಿತ್ತು, ಅಲ್ವಾ?

ಆದರೆ ಕಾಯಿಲೆ, ಮದುವೆ, ಮಕ್ಕಳು, ಕೆಲಸ ಹೋದದ್ದು, ಇದನ್ನೆಲ್ಲ ನಾರ್ವೆಯಲ್ಲಿ ಯಾರೂ ಕೇಳುವುದಿಲ್ಲ. ಉಡುಪಿಯಲ್ಲಿ ಆಸ್ಪತ್ರೆಗೆ ಎಳನೀರು ಹಿಡಿದು ಬಂದವರು ಎಕ್ಸ್‌ರೇಯನ್ನೂ ಕಿಟಕಿಗೆ ಹಿಡಿದು ನೋಡಿ ಹೋಗುತ್ತಾರೆ. ಸಂಬಳ ಕೇಳಿದರೆ ಮಾತ್ರ "ಹೀಗೇ, ನಡೀತದೆ" ಅನ್ನುತ್ತಾರೆ. ನಾರ್ವೆಗೆ ಹೋದ ಹೊಸತರಲ್ಲಿ ಅಲ್ಲಿಯ ಮೌನ ನನಗೆ ಹಾಯೆನಿಸಿತ್ತು. ಆ ಆಗಸ್ಟಿನ ಮೇಲೆ ಹಾಗೆನಿಸಲಿಲ್ಲ. ನಾನು ಹಗಲಿಡೀ ಮನೆಯಲ್ಲಿರುವುದು ಪಕ್ಕದವರಿಗೆ ಕಾಣುತ್ತಿತ್ತು. ನಕ್ಕು ಕೈ ಬೀಸಿ ಹೋಗುತ್ತಿದ್ದರು. ಮರ್ಯಾದೆಯೇ ಸರಿ. ಆದರೂ ಯಾರಾದರೂ ಅಧಿಕಪ್ರಸಂಗ ಮಾಡಿ ಕೇಳಬಾರದಾ ಅನಿಸುತ್ತಿತ್ತು.

ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಸ್ಲೆಪಿಯನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. 38 ಬಗೆಯ ಗುಟ್ಟುಗಳ ಪಟ್ಟಿ ಕೊಟ್ಟರೆ ಒಬ್ಬೊಬ್ಬರಲ್ಲಿ ಸರಾಸರಿ 13 ಬಗೆ ಸಿಕ್ಕಿತಂತೆ. ಎದುರಿಗಿದ್ದವರಿಂದ ಮುಚ್ಚಿಡುವುದಕ್ಕಿಂತ, ಒಬ್ಬರೇ ಇದ್ದಾಗ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುವುದು ಹೆಚ್ಚು ಭಾರ ಎನ್ನುತ್ತಾರೆ ಅವರು. ನನಗೆ ಸರಿ ಅನಿಸಿತು. ಫೋನಿನಲ್ಲಿ ಸುಳ್ಳು ಹೇಳುವುದು ಹತ್ತು ನಿಮಿಷದ ಕೆಲಸ. ಪಾತ್ರೆ ತೊಳೆಯುವಾಗ, ಸಾಕ್ಸ್ ಹುಡುಕುವಾಗ, ರಾತ್ರಿ ಮೂರಕ್ಕೆ ಎಚ್ಚರ ಆದಾಗ ಬರುತ್ತಿತ್ತಲ್ಲ, ಅದು ಜಾಸ್ತಿ.

ಎಲ್ಲ ಗುಟ್ಟೂ ಹಾಗೆ ಕೊರೆಯುವುದಿಲ್ಲ. ಅಮ್ಮನ ಪಿಗ್ಮಿಯನ್ನೇ ನೋಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಅದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು. ಅಮ್ಮನ ಕಾಲಕ್ಕೆ ಅದು ಎರಡು ರೂಪಾಯಿ. ಅಪ್ಪ ಅಂಗಡಿಗೆ ಹೋದ ಮೇಲೇ ಏಜೆಂಟರ ಸೈಕಲ್ ಬೆಲ್ ಕೇಳುತ್ತಿತ್ತು. ಪಾಸ್‌ಬುಕ್ ಕುಚ್ಚಲಕ್ಕಿಯ ಡಬ್ಬದಲ್ಲಿ. ಅದನ್ನು ಅಕ್ಕಿಯೊಳಗೆ ತಳ್ಳುವಾಗ ಅಮ್ಮನ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ತನ್ನದು ಅಂತ ಇದ್ದದ್ದು ಅದೊಂದೇ ಅಲ್ವಾ? ಅಪ್ಪನಿಗೆ ಗೊತ್ತಿರಲಿಲ್ಲ ಅಂತೇನಲ್ಲ. ಜೂನ್ ತಿಂಗಳಲ್ಲಿ ನಮ್ಮ ಫೀಸು ಕಟ್ಟುವಾಗ ಗೋಡೆ ನೋಡಿಕೊಂಡು "ಎಲ್ಲಿಯಾದರೂ ಸ್ವಲ್ಪ ಸಿಗ್ತಿದ್ರೆ..." ಅನ್ನುತ್ತಿದ್ದರು. ಮರುದಿನ ಎಲ್ಲಿಂದಲೋ ಸಿಗುತ್ತಿತ್ತು. ಎಲ್ಲಿಂದ ಅಂತ ಅವರು ಒಮ್ಮೆಯೂ ಕೇಳಲಿಲ್ಲ.

ಡಿಸೆಂಬರಿನ ಆ ಬೆಳಿಗ್ಗೆಗೆ ಬರುತ್ತೇನೆ. ಮೀನಿನವರು ಚಿಲ್ಲರೆ ಎಣಿಸುತ್ತಾ ಕೇಳಿದರು, "ನಿಮ್ಮ ಕೆಲಸ ಎಲ್ಲ ಹೇಗುಂಟು?" ನಾಲ್ಕು ತಿಂಗಳಲ್ಲಿ ಹಾಗೆ ಎದುರು ನಿಂತು ಕೇಳಿದ ಮೊದಲ ಮನುಷ್ಯರು ಅವರು. ಹೇಳಿಬಿಟ್ಟೆ. ಎಲ್ಲ ಹೇಳಿದೆ. ಕೊನೆಗೆ ತುಳುವಿನಲ್ಲಿ "ಏರೆಗ್‌ಲಾ ಪನೊಡ್ಚಿ" ಅಂದೆ, ಯಾರಿಗೂ ಹೇಳಬಾರದು. "ಛೆ, ನಾನು ಯಾರಿಗೆ ಹೇಳ್ತೇನೆ?" ಅಂತ ಬುಟ್ಟಿ ಎತ್ತಿಕೊಂಡು ಸೀದಾ ಹಿತ್ತಲಿನ ಕಡೆ, ಅಮ್ಮ ಬಟ್ಟೆ ಒಣಗಿಸುತ್ತಿದ್ದಲ್ಲಿಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಏನೂ ಕೇಳಲಿಲ್ಲ. ನನ್ನ ತಟ್ಟೆಗೆ ಹುರಿದ ಬಂಗುಡೆ ಎರಡರ ಬದಲು ಮೂರು ಬಿತ್ತು.