ಪೆಡಲ್ ಬೇರೆ, ಸೈಕಲ್ ಬೇರೆ

ಟ್ರಯಾಥ್ಲಾನ್‌ನ ಒಲಿಂಪಿಕ್ ಅಳತೆ ಹೀಗಿದೆ: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ದುಡ್ಡು ಕರಗುವುದು ನಡುವಿನ 40ರಲ್ಲಿ.

ಎರಡು ಲಕ್ಷ ದಾಟಿದ ಕಾರ್ಬನ್ ಸೈಕಲ್ ಹನುಮಂತನಗರದ ನಮ್ಮ ಮನೆಗೆ ಬಂದಾಗ ಅಮ್ಮ ಆರತಿ ತಟ್ಟೆ ಹಿಡಿದು ಬಂದಳು. ಒಂದು ಸುತ್ತು ನೋಡಿದಳು.

"ಪೆಡಲ್ ಎಲ್ಲೋ?"

ಇಂಥ ಸೈಕಲ್ಲಿಗೆ ಸಾಮಾನ್ಯವಾಗಿ ಪೆಡಲ್ ಕೊಡುವುದಿಲ್ಲ. ಅವರವರ ಶೂಗೆ ಹೊಂದುವುದನ್ನು ಅವರವರೇ ಕೊಳ್ಳಬೇಕು. ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಅಂತೂ ಕೇಳಲೇಬೇಡಿ. ಹಾಲಿನವನ ಸೈಕಲ್ಲಿಗೆ ಇವೆಲ್ಲ ಇವೆ. ಈ ಆಟದ ಲೆಕ್ಕವೇ ಹಾಗೆ, ದುಡ್ಡು ಏರಿದಷ್ಟೂ ಸಾಮಾನು ಇಳಿಯುತ್ತದೆ.

"ಸೀಟಲ್ಲಿ ತೂತು ಬೇರೆ ಇದೆ, ಬದಲಾಯಿಸಿಕೊಂಡು ಬಾ" ಅಂದಳು. ಆ ತೂತಿಗೇ ಜಾಸ್ತಿ ಕೊಟ್ಟಿದ್ದು ಅಂತ ಹೇಳುವ ಧೈರ್ಯ ಯಾರಿಗಿದೆ? ಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಟೈರು 25 ಮಿಲಿಮೀಟರ್, ಹಣ್ಣು ಅದಕ್ಕಿಂತ ದಪ್ಪ. ಹಣ್ಣು ಒಡೆಯಲಿಲ್ಲ, ಸೈಕಲ್ಲೇ ವಾಲಿ ಕುಂಕುಮದ ನೀರಿಗೆ ಬಿತ್ತು.

ಭಾನುವಾರ ನಂದಿ ಬೆಟ್ಟದಿಂದ ವಾಪಸ್ ಬರುವಾಗ ಗಾಳಿ ಇಳಿಯಿತು. ದೇವನಹಳ್ಳಿ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಲಾರಿಗೂ ಸ್ಕೂಟರಿಗೂ ಗಾಳಿ ತುಂಬುವ ಪಂಪು ಇದಕ್ಕೆ ಕೂರಲಿಲ್ಲ. ವಾಲ್ವು ಪ್ರೆಸ್ಟಾ ಜಾತಿಯದು, ಸಣಕಲು. ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದಕ್ಕೆ ಬಾಯಲ್ಲೇ ಊದ್ಬೇಕು" ಅಂದ. ಬೇಕಿದ್ದದ್ದು ಬೆರಳ ತುದಿಯಷ್ಟು ಹಿತ್ತಾಳೆಯ ಅಡಾಪ್ಟರ್. ನಮ್ಮ ಗುಂಪಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ತುಳಿತದ ಬಲ ಅಳೆಯುವ ಪವರ್ ಮೀಟರ್ ಮಾತ್ರ ಎಲ್ಲರ ಹತ್ತಿರವೂ ಇತ್ತು.

1978ರಲ್ಲಿ ಹವಾಯಿಯಲ್ಲಿ ಐರನ್‌ಮ್ಯಾನ್ ಎಂಬ ಉದ್ದನೆಯ ಟ್ರಯಾಥ್ಲಾನ್ ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಎರಡನೆಯವನಾಗಿ ಬಂದವನ ಕಡೆಯವರ ಹತ್ತಿರ ದಾರಿಯಲ್ಲಿ ನೀರು ಖಾಲಿಯಾಗಿ, ಅವನಿಗೆ ಬಿಯರ್ ಕೊಟ್ಟರಂತೆ. ಈಗ ಅದರ ಜಾಗಕ್ಕೆ ಎನರ್ಜಿ ಜೆಲ್ ಬಂದಿದೆ. ರುಚಿ ನೋಡಿದವರಿಗೆ ಬಿಯರೇ ವಾಸಿ ಅನ್ನಿಸಿದರೆ ತಪ್ಪಿಲ್ಲ.

ಒಂದು ಖರ್ಚು ಮಾತ್ರ ನಮಗೆ ತಪ್ಪಿದೆ. ಅದು ವೆಟ್‌ಸೂಟ್, ಮೈಗಂಟುವ ರಬ್ಬರಿನ ಈಜುಡುಗೆ. ತಣ್ಣೀರಲ್ಲಿ ಈಜುವವರಿಗೆ ಅದು ಬೇಕು, ತೇಲಲೂ ನೆರವಾಗುತ್ತದೆ. ಹಾಗಾಗಿಯೇ ನೀರು ಬೆಚ್ಚಗಿದ್ದರೆ ಸ್ಪರ್ಧೆಯಲ್ಲಿ ಅದಕ್ಕೆ ನಿರ್ಬಂಧ. ಗೋವಾದ ಕಡಲು ಬೆಚ್ಚಗೇ ಇರುತ್ತದೆ. ಇನ್ನು ಬಸವನಗುಡಿಯ ಈಜುಕೊಳಕ್ಕೆ ಅದನ್ನು ಹಾಕಿಕೊಂಡು ಹೋದರೆ ಮಕ್ಕಳು ಹೆದರುತ್ತವೆ ಅಷ್ಟೇ.

ಈ ಉಳಿತಾಯವನ್ನು ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಮಂಡಿಸಿದೆ. ವೆಟ್‌ಸೂಟ್ ಕೊಳ್ಳದೆ ಉಳಿದ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಕಾರ್ಬನ್ ಚಕ್ರ ಬಂದುಬಿಡುತ್ತದೆ ಅಂದೆ.

ಅವಳು ಸಾರು ಬಡಿಸುತ್ತಾ ಅಂದಳು, "ತಗೊಳ್ಳಿ. ಸದಾಶಿವನಗರದಲ್ಲಿ ಬಂಗಲೆ ಕಟ್ಟಿಸದೆ ನಾನು ಉಳಿಸಿದ ದುಡ್ಡಿದೆಯಲ್ಲ, ಅದರಲ್ಲಿ ನನಗೆ ಒಂದು ಎರಡೆಳೆ ಸರ ಮಾಡಿಸಿಬಿಡಿ."