ಪಾಟ್ ಮುಂದೆ ಇಟ್ಟರೆ ಲಾಭ ಬರುತ್ತಾ?

ನರ್ಸರಿ ನಡೆಸುವ ಗೆಳೆಯರೊಬ್ಬರು ಮೊನ್ನೆ ನೋಟ್‌ಬುಕ್ ನನ್ನ ಮುಂದಿಟ್ಟು, "ಸಾರ್, ನೀವೇ ನೋಡಿ ಹೇಳಿ" ಎಂದರು. ಸಸಿಗಳ ಜಾಗವನ್ನು ಅರ್ಧಕ್ಕೆ ಇಳಿಸಿ ಅಲ್ಲಿ ಬಣ್ಣದ ಸೆರಾಮಿಕ್ ಪಾಟ್ ತುಂಬಬೇಕು ಅನ್ನೋದು ಅವರ ಪ್ಲಾನ್. "ಸಸಿ ಒಣಗಿ ಹೋಗುತ್ತೆ, ಪಾಟ್ ಒಣಗಲ್ಲ." ಈ ಮಾತು ನನಗೂ ಹಿಡಿಸಿತು. (ಒಡೆಯುತ್ತೆ ಅನ್ನೋದು ಬೇರೆ ವಿಷಯ.)

ಆಮೇಲೆ ಆಧಾರ ಏನು ಎಂದು ಕೇಳಿದೆ. ಪಾಟ್‌ಗಳನ್ನು ಗೇಟಿನ ಹತ್ತಿರ ಇಟ್ಟ ಮೇಲೆ ಎರಡು ತಿಂಗಳಲ್ಲಿ ಅವುಗಳ ಮಾರಾಟ ದುಪ್ಪಟ್ಟಾಗಿದೆ. ಬಿಲ್ ಮಾಡಿಸುವವರನ್ನು ಕೇಳಿದರೆ ಹೆಚ್ಚಿನವರು ಇನ್ನೂ ಪಾಟ್ ಬೇಕು ಅಂದಿದ್ದಾರೆ. ಇದೇ ದಾರಿ ಹಿಡಿದ ಇನ್ನೊಂದು ನರ್ಸರಿ ಚೆನ್ನಾಗಿ ನಡೀತಿದೆ. ಇಷ್ಟೇ.

ಮೊದಲನೆಯದನ್ನೇ ತೆಗೆದುಕೊಳ್ಳಿ. ಆ ಎರಡು ತಿಂಗಳು ಪಾಟ್ ಮೇಲೆ ಶೇ. 20 ಡಿಸ್ಕೌಂಟ್ ಕೂಡ ಇತ್ತು ಅನ್ನೋದು ಮಾತಿನ ನಡುವೆ ಹೊರಬಂತು. ಲೆಕ್ಕ ಹಾಕಿ ನೋಡಿ. 60ಕ್ಕೆ ತಂದ ಪಾಟನ್ನು 100ಕ್ಕೆ ಮಾರಿದರೆ 40 ಉಳಿಯುತ್ತೆ. 80ಕ್ಕೆ ಕೊಟ್ಟರೆ ಉಳಿಯೋದು ಬರೀ 20. ಅಂದರೆ ದುಪ್ಪಟ್ಟು ಮಾರಿದ ಮೇಲೂ ಕೈಗೆ ಸಿಗೋದು ಮೊದಲಿನಷ್ಟೇ ಲಾಭ. ಇಳಿಸೋಕೆ, ಜೋಡಿಸೋಕೆ, ಪ್ಯಾಕ್ ಮಾಡೋಕೆ ಮಾತ್ರ ಎರಡರಷ್ಟು ಕೆಲಸ. ನೋಟ್‌ಬುಕ್‌ನಲ್ಲಿ ಮಾರಾಟದ ಕಾಲಂ ಇತ್ತು, ಲಾಭದ ಕಾಲಂ ಇರಲಿಲ್ಲ.

ಅದೂ ಹೋಗಲಿ. ಆ ಎರಡು ತಿಂಗಳು ಎಲ್ಲರೂ ಗಿಡ ಕೊಳ್ಳುವ ಕಾಲ. ಪಾಟ್ ಹಿಂದೆ ಇದ್ದಿದ್ದರೂ ಸ್ವಲ್ಪ ಜಾಸ್ತಿ ಹೋಗುತ್ತಿತ್ತು, ಅಲ್ವಾ? 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತ ಜನ ತೋಟದ ಕಡೆ ತಿರುಗಿದರು. ಅಮೆರಿಕದ ಕೆಲವು ಬೀಜದ ಕಂಪನಿಗಳು ತಡೆಯಲಾರದೆ ಹೊಸ ಆರ್ಡರ್ ತೆಗೆದುಕೊಳ್ಳೋದನ್ನೇ ಕೆಲ ದಿನ ನಿಲ್ಲಿಸಿದವು. ಆ ವರ್ಷ ಅಂಗಡಿಯ ಬೋರ್ಡಿಗೆ ಬಣ್ಣ ಬಳಿಸಿದವನೂ "ಬಣ್ಣ ಕೆಲಸ ಮಾಡಿತು" ಅಂದುಕೊಂಡಿರುತ್ತಾನೆ.

ಬಿಲ್ ಕೌಂಟರಿನಲ್ಲಿ ಕೇಳಿದ್ದು ಇನ್ನೂ ತಮಾಷೆ. ಪಾಟ್ ಕೈಯಲ್ಲಿ ಹಿಡಿದು ನಿಂತವರನ್ನು ಪಾಟ್ ಬೇಕಾ ಎಂದು ಕೇಳಿದರೆ ಏನು ಹೇಳುತ್ತಾರೆ? ತಮಗೆ ಬೇಕಾದ ಗುಲಾಬಿ ಸಸಿ ಸಿಗದೆ ಸುಮ್ನೆ ಗೇಟು ದಾಟಿ ಹೋದವರನ್ನು ಯಾರೂ ಕೇಳಿಲ್ಲ. ಪಾಟ್ ಕೊಂಡವರಲ್ಲಿ ಎಷ್ಟು ಜನ ಸಸಿಗೆಂದೇ ಬಂದವರು ಅನ್ನೋದೂ ಬಿಲ್‌ಗಳಲ್ಲೇ ಇದೆ. ಅದನ್ನು ತೆಗೆದು ನೋಡಿಲ್ಲ. ಸಸಿಯೇ ಜನರನ್ನು ಒಳಗೆ ಕರೆತರುತ್ತಿದ್ದರೆ, ಅದನ್ನು ಅರ್ಧ ಮಾಡಿದ ಮೇಲೆ ಪಾಟ್ ನೋಡೋಕೆ ಯಾರು ಬರುತ್ತಾರೆ? ನನಗೆ ನಿಜವಾಗಿ ಭಯ ಆದದ್ದು ಇಲ್ಲೇ. ಇನ್ನು ಆ ಇನ್ನೊಂದು ನರ್ಸರಿ. ಇದೇ ಪ್ಲಾನ್ ಮಾಡಿ ಬಾಗಿಲು ಹಾಕಿದವರು ಇದ್ದರೆ, ಅವರು ನಮ್ಮ ಕಣ್ಣಿಗೆ ಬೀಳೋದಾದರೂ ಹೇಗೆ?

ಜೊತೆಗೆ "ಗಾಳಿ ಶುದ್ಧ ಮಾಡುವ ಗಿಡ" ಅಂತ ಬೋರ್ಡ್ ಹಾಕಿ ಪಾಟ್ ಸಮೇತ ಮಾರುವ ಯೋಚನೆಯೂ ಇದೆ. ಇದಕ್ಕೆ ಎಲ್ಲರೂ ತೋರಿಸೋದು 1989ರ ನಾಸಾ ಅಧ್ಯಯನವನ್ನು. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗೆ ಬಾಗಿಲು, ಕಿಟಕಿ ಇವೆ. ಇಂಥ ಹಲವು ಪ್ರಯೋಗಗಳ ಲೆಕ್ಕವನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು 2019ರಲ್ಲಿ ಮತ್ತೆ ಹಾಕಿ ನೋಡಿದರು. ಕಟ್ಟಡದಲ್ಲಿ ಸಾಮಾನ್ಯವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಅಷ್ಟು ಇಟ್ಟರೆ ಮನುಷ್ಯರು ಹೊರಗೆ ಮಲಗಬೇಕು.

ಇಷ್ಟೆಲ್ಲ ಹೇಳುವಾಗ ಅವರ ಹಿಂದೆ ಎರಡು ಗುಲಾಬಿ ಗಿಡ ಕಂಡವು. ಒಂದೇ ಅಳತೆ, ಒಂದೇ ಮಣ್ಣು. ಒಂದಕ್ಕೆ ಸೀಮೆಸುಣ್ಣದ ಗೀಟು. ಏನಿದು ಎಂದೆ. "ಹೊಸ ಗೊಬ್ಬರ ಬಂದಿದೆ. ಗೀಟು ಇರೋದಕ್ಕೆ ಹಾಕಿದೀನಿ, ಇನ್ನೊಂದಕ್ಕೆ ಇಲ್ಲ. ನೋಡದೆ ನಂಬೋಕಾಗುತ್ತಾ?" ಎಂದರು. ಒಂದು ಹಿಡಿ ಗೊಬ್ಬರಕ್ಕೆ ಇಷ್ಟು ಎಚ್ಚರ ಇರುವ ಮನುಷ್ಯ ಇಡೀ ಅಂಗಡಿಯ ಜಾಗಕ್ಕೆ ಯಾಕೆ ಗೀಟು ಎಳೆಯಲಿಲ್ಲ?

ಈ ವಿದ್ಯೆ ಹದವಾದದ್ದೇ ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1843ರಿಂದ ಗೊಬ್ಬರದ ಪ್ರಯೋಗ ನಡೀತಿತ್ತು. 1919ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಅಲ್ಲಿಗೆ ಕೆಲಸಕ್ಕೆ ಸೇರಿದರು. ಹೊಲದ ಒಂದು ಮೂಲೆ ತಾನಾಗಿಯೇ ಫಲವತ್ತಾಗಿರುತ್ತೆ. ಗೊಬ್ಬರ ಅಲ್ಲಿಗೇ ಬಿದ್ದರೆ ಬೆಳೆ ಬಂದದ್ದು ಮಣ್ಣಿನಿಂದಲೋ ಗೊಬ್ಬರದಿಂದಲೋ ಗೊತ್ತಾಗಲ್ಲ. ಅದಕ್ಕೇ ಯಾವ ತುಂಡಿಗೆ ಗೊಬ್ಬರ ಅನ್ನೋದನ್ನು ನಾವು ಆರಿಸಬಾರದು, ಚೀಟಿ ಎತ್ತಿದ ಹಾಗೆ ಬೀಳಬೇಕು ಅನ್ನೋದು ಅವರ ವಾದ. ಅಂಗಡಿಗೆ ವಾರಗಳೇ ಆ ತುಂಡುಗಳು.

ಹಾಗಾಗಿ ನಾನು ಹೇಳಿದ್ದು ಇಷ್ಟು. ಹನ್ನೆರಡು ವಾರ ಸಸಿಗೆ ಕೈ ಹಚ್ಚಬೇಡಿ. ಡಿಸ್ಕೌಂಟ್ ಬೇಡ. ಪ್ರತಿ ಸೋಮವಾರ ನಾಣ್ಯ ಚಿಮ್ಮಿ. ರಾಜ ಬಿದ್ದರೆ ಆ ವಾರ ಪಾಟ್ ಗೇಟಿನ ಹತ್ತಿರ, ಇಲ್ಲದಿದ್ದರೆ ಹಿಂದಕ್ಕೆ. ವಾರದ ಕೊನೆಗೆ ಇಡೀ ಅಂಗಡಿಯ ಲಾಭ ಬರೆಯಿರಿ, ಪಾಟಿನದೊಂದೇ ಅಲ್ಲ. ಹನ್ನೆರಡು ವಾರ ಕಡಿಮೆಯೇ, ನಿಜ. ಸಸಿ ಕಡಿಮೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಉತ್ತರವೂ ಅಲ್ಲ. ಆದರೆ ಈಗ ಕೈಯಲ್ಲಿರೋದಕ್ಕಿಂತ ವಾಸಿ, ಮತ್ತೆ ಪಾಟ್ ಎತ್ತಿಡುವ ಕೂಲಿ ಬಿಟ್ಟರೆ ಖರ್ಚಿಲ್ಲ.

ಅವರು ಒಪ್ಪಿದರು. ಅಲ್ಲೇ ಜೇಬಿನಿಂದ ನಾಣ್ಯ ತೆಗೆದು ಚಿಮ್ಮಿದರು. ಪಾಟ್ ಹಿಂದಕ್ಕೆ ಹೋಗಬೇಕು ಅಂತ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಕೇಳಿದರು: "ಇನ್ನೊಂದ್ಸಲ ಹಾಕ್ಲಾ ಸಾರ್?"