ಒಬ್ಬಳೇ ನಿಲ್ಲುವ ಅಡುಗೆಮನೆ

ಊರಿಂದ ಯಾರೇ ಬರಲಿ, ನಾನು ಕರೆದುಕೊಂಡು ಹೋಗುವುದು ಫ್ರಾಂಕ್‌ಫರ್ಟ್‌ನ ರೋಮರ್‌ಸ್ಟಾಟ್ ಬಡಾವಣೆಗೆ. ಅಲ್ಲಿ 1920ರ ದಶಕದ ಸಾಲುಮನೆಯೊಂದನ್ನು ಹಳೆಯ ರೂಪಕ್ಕೇ ತಂದು, ವಾಸ್ತುಶಿಲ್ಪಿ ಎರ್ನ್ಸ್ಟ್ ಮೈ ಹೆಸರಿನಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಹೋದ ವರ್ಷ ಅಮ್ಮ ಅದರ ಅಡುಗೆಮನೆ ಬಾಗಿಲಲ್ಲಿ ನಿಂತು, "ಇದೇನೋ, ಇಬ್ಬರು ನಿಂತರೆ ಸೊಂಟಕ್ಕೆ ಸೊಂಟ ತಾಗತ್ತಲ್ಲೋ!" ಅಂದಳು.

ತಾಗದೆ ಏನು? ಉದ್ದ 3.44 ಮೀಟರ್, ಅಗಲ 1.87. ಮೊದಲ ಮಹಾಯುದ್ಧದ ನಂತರ ಮನೆಗಳಿಗೆ ಹಾಹಾಕಾರವಿದ್ದ ಕಾಲ. ನಗರದ ವಾಸ್ತು ವಿಭಾಗದ ಮುಖ್ಯಸ್ಥನಾಗಿದ್ದ ಈ ಎರ್ನ್ಸ್ಟ್ ಮೈ ಸಾವಿರಾರು ಮನೆ ಕಟ್ಟಿಸುತ್ತಿದ್ದ. 1926ರಲ್ಲಿ ಅವಕ್ಕೆ ಈ ಅಡುಗೆಮನೆ ರೂಪಿಸಿದವಳು ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. ರೈಲಿನ ಊಟದ ಬೋಗಿಯ ಇಕ್ಕಟ್ಟಿನ ಅಡುಗೆಕೋಣೆಯೇ ಮಾದರಿ. ಹೆಂಗಸು ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ಹಾಕುತ್ತಾಳೆ ಅಂತ ಲೆಕ್ಕ ಹಾಕಿದಳು. ಹಾಗಂತ ಅವಳು ಅಲ್ಲಿಯವರೆಗೆ ಅಡುಗೆಯನ್ನೇ ಮಾಡಿರಲಿಲ್ಲವಂತೆ! ಅಂಥ ಸುಮಾರು 10,000 ಅಡುಗೆಮನೆಗಳಾದವು.

ಆದರೂ ಕಿಟಕಿ ಕೆಳಗಿನ ಮೇಜು ನೋಡಬೇಕು. ಕೂತು ತರಕಾರಿ ಹೆಚ್ಚುವಷ್ಟು ತಗ್ಗು, ಮುಂದೆ ತಿರುಗುವ ಸ್ಟೂಲು, ಸಿಪ್ಪೆ ತಳ್ಳಿದರೆ ಬೀಳಲು ಕೆಳಗೊಂದು ಡ್ರಾಯರು. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ. ಹಿಟ್ಟಿಗೆ ಹುಳು ಹಿಡಿಯದಿರಲೆಂದು ಓಕ್ ಮರದ ಡಬ್ಬ. ಬೇಳೆ, ಸಕ್ಕರೆಗೆ ಹಿಡಿಯಿರುವ ಅಲ್ಯುಮಿನಿಯಂ ಡಬ್ಬಗಳು. ಅಕ್ಕಿಯದು ಯಾವುದೆಂದು ಓದಿ ಹೇಳಿದೆ. "ಇದರಲ್ಲಿ ನಮ್ಮನೆ ಒಂದು ಹೊತ್ತಿಗೂ ಆಗಲ್ಲ" ಅಂದಳು ಅಮ್ಮ.

ಅರಸೀಕೆರೆಯ ನಮ್ಮ ಅಡುಗೆಮನೆಯಲ್ಲಿ ಅಜ್ಜಿ ಒಲೆ ಮುಂದೆ, ದೊಡ್ಡಮ್ಮ ಈಳಿಗೆಮಣೆ ಮೇಲೆ, ಅಮ್ಮ ಒರಳಿನ ಹತ್ತಿರ. ಮಾತು, ನಗು, ನಡುವೆ ಒಂದಿಷ್ಟು ಜಗಳ. ಅದನ್ನು ನೆನೆದು ಕಣ್ಣೊರೆಸಿಕೊಳ್ಳುವ ಹೊರನಾಡಿಗರ ಜತೆ ನಾನು ಸೇರುವುದಿಲ್ಲ. ನೀರು ಹಿತ್ತಲ ಬಾವಿಯಿಂದ, ಸೌದೆ ಕೊಟ್ಟಿಗೆಯಿಂದ, ಹೊಗೆ ಕಣ್ಣಿಗೆ. ಅವರು ನಡೆದ ಹೆಜ್ಜೆಗಳನ್ನು ಎಣಿಸಿದವರು ಯಾರು? ಇಲ್ಲಿ ಯಾರೋ ಎಣಿಸಿದ್ದರು. ಆದರೆ ಎಣಿಸಿದ್ದು ಒಬ್ಬಳದನ್ನು ಮಾತ್ರ. ಗಂಡ ಬಂದು ಪಾತ್ರೆ ಒರೆಸಲೂ ಜಾಗವಿಲ್ಲ. ಹೆಂಗಸನ್ನು ಒಂಟಿಯಾಗಿ ಒಳಗೆ ಕೂರಿಸಿತೆಂದು ಮುಂದೆ ಸ್ತ್ರೀವಾದಿಗಳು ಈ ಅಡುಗೆಮನೆಯನ್ನು ದೂರಿದ್ದೂ ಅದಕ್ಕೇ.

ಬೆಂಗಳೂರಲ್ಲಿ ತಮ್ಮ ಕೊಂಡ ಫ್ಲ್ಯಾಟಿನ ಮಾಡ್ಯುಲರ್ ಕಿಚನ್ ಇದರ ಮೊಮ್ಮಗುವೇ. ಇಕ್ಕಟ್ಟು ಬಂದಿದೆ, ಸಾಲು ಡ್ರಾಯರು ಬಂದಿದೆ, ಸ್ಟೂಲು ಬಂದಿಲ್ಲ. ಗ್ರಾನೈಟ್ ಕಟ್ಟೆ ಎದುರು ಅಮ್ಮ ಮಂಡಿನೋವಿಟ್ಟುಕೊಂಡು ಎರಡು ಗಂಟೆ ನಿಲ್ಲುತ್ತಿದ್ದಳು. ವಾಪಸು ಹೋದವಳೇ ಸ್ಟೂಲು ಬೇಕೆಂದು ಹಟ ಹಿಡಿದು ತರಿಸಿದಳು. ಅದನ್ನಿಡಲು ಮೊದಲು ನೀರಿನ ಕ್ಯಾನನ್ನು ಹಾಲ್‌ಗೆ ಸಾಗಿಸಬೇಕಾಯಿತಂತೆ.